ದೀಪಕ್ಕೆ ಬಿದ್ದ ಉತ್ತರ ಧ್ರುವದ ನೂಲು

ನಿಮಗೂ ಹೀಗೆ ಆದದ್ದುಂಟಾ, ನಿಜ ಹೇಳಿ: ಒಂದು ವಸ್ತು ಹಾಳಾಗಬಾರದೆಂದು ಭದ್ರವಾಗಿ ಇಟ್ಟು, ಭದ್ರವಾಗಿ ಇಟ್ಟದ್ದರಿಂದಲೇ ಅದು ಹಾಳಾದದ್ದು? ನನ್ನನ್ನು ಕೇಳಿದರೆ, ಮನೆಯಲ್ಲಿ ಅತ್ಯಂತ ಅಪಾಯದ ಜಾಗವೆಂದರೆ ಗಂಡಸರು ‘ಇಲ್ಲಿ ಸೇಫ್’ ಎಂದು ತೋರಿಸುವ ಜಾಗ. ಪಾಸ್‌ಪೋರ್ಟನ್ನು ಅಕ್ಕಿ ಡಬ್ಬದಲ್ಲಿಟ್ಟು ಮರೆತು, ಊರಿಗೆ ಹೊರಡುವ ದಿನ ಮನೆಯೆಲ್ಲ ತಲೆಕೆಳಗು ಮಾಡಿದವನು ನಾನು. ಈ ಸಲದ್ದು ಪಾಸ್‌ಪೋರ್ಟ್ ಅಲ್ಲ, ನೂಲು. ಅದೂ ಉತ್ತರ ಧ್ರುವದ ನೂಲು.

ಒಂಬತ್ತನೇ ಕ್ಲಾಸಿನ ನನ್ನ ಮಗಳು ನಿಧಿ ಶಾಲೆಯ ವಸ್ತುಪ್ರದರ್ಶನಕ್ಕೆ ಆರಿಸಿಕೊಂಡ ವಿಷಯ ಕೇಳಿ ನಾನು ಚಹಾದ ಲೋಟ ಕೆಳಗಿಟ್ಟೆ. ಮಸ್ಕತ್ತಿನ ಸೆಕೆಯಲ್ಲಿ ಕೂತ ಹುಡುಗಿಗೆ ಗ್ರೀನ್‌ಲ್ಯಾಂಡಿನ ಹಿಮದ ಚಿಂತೆ! ಸಾವಿರ ವರ್ಷಗಳ ಹಿಂದೆ ಅಲ್ಲಿಗೆ ಬಂದು ನೆಲೆಸಿದ ನಾರ್ಸ್ ಜನ, ಅಂದರೆ ವೈಕಿಂಗರ ಪೈಕಿಯವರು, ಆ ಹಿಮಸೀಮೆಯ ಜನರ ಜೊತೆ ಎಷ್ಟು ಬೆರೆತಿದ್ದರು ಎಂಬುದು ಪ್ರಶ್ನೆ. ಹಿಮಸೀಮೆಯವರ ಹಳೆಯ ಮನೆಗಳನ್ನು ಅಗೆದಾಗ ನಾರ್ಸರ ಹಡಗಿನ ಮೊಳೆ, ಉಣ್ಣೆಬಟ್ಟೆಯ ಚೂರು, ಪರದೇಶಿ ನಿಲುವಂಗಿ ತೊಟ್ಟ ಪುಟ್ಟ ಮರದ ಗೊಂಬೆ ಸಿಕ್ಕಿವೆಯಂತೆ. ಜಗಳವಿರುವುದು ಪ್ರಾಣಿಯ ಕೂದಲಿನಿಂದ ಹೊಸೆದ ನೂಲಿನ ಬಗ್ಗೆ. ನೂಲುವುದನ್ನು ನಾರ್ಸರೇ ಕಲಿಸಿದ್ದು ಎಂದು ಕೆಲವರು, ಹಿಮಸೀಮೆಯವರಿಗೆ ಮೊದಲೇ ಬರುತ್ತಿತ್ತು ಎಂದು ಕೆಲವರು. ಹತ್ತಿ ಬತ್ತಿ ಹೊಸೆಯುತ್ತಿದ್ದ ನನ್ನ ಹೆಂಡತಿ ಶೈಲಾ ತಲೆ ಎತ್ತದೆ ಹೇಳಿದಳು: “ಇದನ್ನು ನನಗೆ ಯಾರು ಹಡಗಲ್ಲಿ ಬಂದು ಕಲಿಸಿದ್ದಂತೆ?”

ಮೊಳೆ, ಗೊಂಬೆಗಳನ್ನು ನಿಧಿ ಮಣ್ಣಿನಲ್ಲಿ ಮಾಡಿದಳು. ನೂಲು ಮಾತ್ರ ಕೂದಲಿನದ್ದೇ ಆಗಬೇಕೆಂದು ಹಟ. ರುಸೈಲಿನ ನಮ್ಮ ಫ್ಯಾಕ್ಟರಿಯಲ್ಲಿ ಸಾಲಿಂ ಇದ್ದಾನೆ, ಸಹಮ್ ಎಂಬ ಊರಿನ ಒಮಾನಿ, ಮನೆಯಲ್ಲಿ ಆಡು ಸಾಕಿದ್ದಾನೆ. ಅವನನ್ನು ಕೇಳಿದರೆ ಅವನ ಹಿಂದಿಯಲ್ಲಿ, “ಭಾಯಿ, ಎಲ್ಲರೂ ನನ್ನ ಹತ್ತಿರ ಮಾಂಸ ಕೇಳ್ತಾರೆ, ನೀನು ಕೂದಲು ಕೇಳ್ತೀಯಲ್ಲ!” ಎಂದು ನಕ್ಕು, ಮುಂದಿನ ವಾರ ಒಂದು ಚೀಲ ಬಿಳಿ ಕೂದಲು ತಂದುಕೊಟ್ಟ. ನಿಧಿ ಹೊಸೆದಳು, ಬಿಚ್ಚಿದಳು, ಮತ್ತೆ ಹೊಸೆದಳು. ಕೊನೆಗೆ ಗೇಣುದ್ದದ ಒಂದು ನೂಲಾಯಿತು. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಹೊಟ್ಟೆನೋವು ಬರುವ ಹುಡುಗಿ ನನ್ನದು. ಮೊದಲ ಸಲ ತಾನಾಗಿ ಹೆಸರು ಕೊಟ್ಟಿದ್ದಳು. ಹಾಗಾಗಿ ಆ ನೂಲನ್ನು ನಾನೇ ಜೋಪಾನವಾಗಿ ಎತ್ತಿಟ್ಟೆ. ಎಲ್ಲಿ? ದೇವರ ಮೂಲೆಯ ಹಿತ್ತಾಳೆ ತಟ್ಟೆಯಲ್ಲಿ. ಅಲ್ಲಿಗೆ ಯಾರು ಕೈ ಹಾಕುತ್ತಾರೆ?

ನಾನೇ ಹಾಕುತ್ತೇನೆ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚುವ ಕೆಲಸ ನಮ್ಮಲ್ಲಿ ನನ್ನದು, ಅದೂ ಕನ್ನಡಕವಿಲ್ಲದೆ. ಪ್ರದರ್ಶನದ ದಿನ, ಶೈಲಾ ಬತ್ತಿ ಇಡುವ ಅದೇ ತಟ್ಟೆಗೆ ಕೈ ಹಾಕಿ, ಸಿಕ್ಕಿದ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಕಡ್ಡಿ ಗೀರಿದೆ. ಚಿಟಿಚಿಟಿ ಎಂದಿತು, ಸುರುಟಿಕೊಂಡಿತು, ಉರಿಯಲಿಲ್ಲ. ನಾತ ಮಾತ್ರ ಶೈಲಾ ಇದ್ದ ಅಡಿಗೆಮನೆ ಮುಟ್ಟಿತು.

“ಎಂತ ಸುಡ್ತಾ ಉಂಟು? ನಿಮ್ಮ ಮೀಸೆಯಾ?”

“ಈ ಬತ್ತಿ ಸರಿ ಇಲ್ಲ ಮಾರಾಯ್ತಿ, ಹತ್ತುದೇ ಇಲ್ಲ.”

ಯೂನಿಫಾರ್ಮ್ ಹಾಕಿಕೊಂಡು ಬಂದ ನಿಧಿ ದೀಪದೊಳಗೆ ಇಣುಕಿದಳು. “ಪಪ್ಪಾ... ದಟ್ಸ್ ಮೈ ಎವಿಡೆನ್ಸ್!”

ಬೈದಿದ್ದರೆ ಸಹಿಸುತ್ತಿದ್ದೆ. ತುದಿ ಸುಟ್ಟ, ಎಣ್ಣೆ ಕುಡಿದ ನೂಲನ್ನು ಟಿಶ್ಯೂನಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು. ಫ್ಯಾಕ್ಟರಿಯಲ್ಲಿ ನನ್ನ ಮುಖ ನೋಡಿ ಕಥೆ ಕೇಳಿದ ಸಾಲಿಂ, “ಆಡಿಗೆ ಕೂದಲು ಮತ್ತೆ ಬರ್ತದೆ. ನೀನು ಮಗಳ ಹತ್ತಿರ ಹೋಗು, ನಡಿ ನಡಿ, ಯಲ್ಲಾ!” ಎಂದು ದಬ್ಬಿದ.

ಶೈಲಾಳನ್ನು ಕರೆದುಕೊಂಡು ಶಾಲೆ ತಲುಪಿದಾಗ ನಿಧಿಯ ಮೇಜಿನ ಮುಂದೆ ತೀರ್ಪುಗಾರರು ನಿಂತಿದ್ದರು. ಒಬ್ಬರು ನೂಲು ನೋಡಿ, “ಇದು ದೇವರ ದೀಪದ ಬತ್ತಿ ಅಲ್ವೇನಮ್ಮ? ಹತ್ತಿ?” ಎಂದರು. ನಿಧಿ ಸುಟ್ಟ ತುದಿಯನ್ನು ಅವರ ಮೂಗಿನ ಹತ್ತಿರ ಹಿಡಿದಳು.

“ಸ್ಮೆಲ್ ಮಾಡಿ ಸರ್. ಹತ್ತಿ ಸುಟ್ರೆ ಪೇಪರ್ ಸ್ಮೆಲ್. ಇದು ಹೇರ್. ಸುಟ್ರೆ ಗೊತ್ತಾಗ್ತದೆ.”

ಅವರು ಮೂಸಿ ಹಿಂದಕ್ಕೆ ಹಾರಿದರು. ಸುತ್ತಲಿನವರು ನಕ್ಕರು, ನಿಧಿಯೂ ನಕ್ಕಳು. “ಮತ್ತೆ ಈ ಎಣ್ಣೆ?” ಎಂದರು ತೀರ್ಪುಗಾರರು.

“ಅದು ಬೇರೆ ಕಲ್ಚರ್‌ನ ಕಾಂಟ್ಯಾಕ್ಟ್ ಸರ್,” ಎಂದು ನನ್ನ ಕಡೆ ಬೆರಳು ತೋರಿಸಿದಳು.

ಬಹುಮಾನ ಪಕ್ಕದ ಮೇಜಿನ ಜ್ವಾಲಾಮುಖಿಗೆ ಹೋಯಿತು, ಹೋಗಲಿ. ಹಿಂದಿನ ಸಾಲಿಗೂ ಕೇಳುವ ಹಾಗೆ ನನ್ನ ಮಗಳು ಮಾತಾಡಿದಳು.

ಈಗ ನನಗಿರುವ ಚಿಂತೆ ಬೇರೆ. ಸಾವಿರ ವರ್ಷದ ಮೇಲೆ ಯಾರೋ ನಮ್ಮ ಫ್ಲ್ಯಾಟ್ ಅಗೆಯುತ್ತಾರೆ. ತೆಂಗಿನಕಾಯಿ ತುರಿಯುವ ಮಣೆ, ಸಾಲಿಂ ಕೊಟ್ಟ ಕಾಫಿ ಹೂಜಿ, ದೀಪದ ತಳದಲ್ಲಿ ಕರಟಿದ ಆಡಿನ ಕೂದಲು ಸಿಗುತ್ತವೆ. ‘ಈ ಜನ ದೇವರಿಗೆ ಕೂದಲು ಸುಡುತ್ತಿದ್ದರು’ ಎಂದು ಗಂಭೀರವಾಗಿ ಬರೆಯುತ್ತಾರೆ. ಒಬ್ಬ ಗಂಡಸು ಕನ್ನಡಕ ಹಾಕಿಕೊಂಡಿರಲಿಲ್ಲ ಎಂದು ಯಾವ ಪಂಡಿತನಿಗೂ ಹೊಳೆಯುವುದಿಲ್ಲ.

ನಿಮ್ಮ ಮನೆಯಲ್ಲಿ ಭದ್ರವಾಗಿಟ್ಟು ಹಾಳು ಮಾಡಿದ್ದು ಏನು, ಕೆಳಗೆ ಬರೆಯಿರಿ ಮಾರಾಯ್ರೆ. ಶೈಲಾ ಒಂದೊಂದನ್ನೂ ಓದುತ್ತಾಳೆ. ಇಂಥವನು ನಾನೊಬ್ಬನೇ ಅಲ್ಲ ಎನ್ನಲಿಕ್ಕೆ ನನ್ನ ಹತ್ತಿರ ಸದ್ಯ ಯಾವ ಪುರಾವೆಯೂ ಇಲ್ಲ.