ಯಾರಿಗೆ ಯಾರು ಬೇಕು

ಸುಮತಿಕುಮಾರನ ಕಂಪ್ಯೂಟರ್ ಬೆಳಿಗ್ಗೆ ಬೆಳಿಗ್ಗೆಯೇ ಉಸಿರು ಕಟ್ಟಿ ನಿಂತಿತು. ೧೯೮೮ರಲ್ಲಿ ಹಳೇಬೀಡಿನ ಆ ಖಾಸಗಿ ಕಾಲೇಜಿಗೆ ಇದ್ದದ್ದು ಅದೊಂದೇ ಯಂತ್ರ. ಅದರ ಮೆಮೊರಿಯೋ, ಹೋಟೆಲಿನ ಚಟ್ನಿಯಂತೆ ಬೇಕಾದಾಗಲೇ ಮುಗಿಯುತ್ತಿತ್ತು.

ಕಾಲೇಜಿನ ಅಧ್ಯಕ್ಷರು, ಗಂಡಸಿ ಊರಿನ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು, ಮಧ್ಯಾಹ್ನ ಬರುವವರಿದ್ದರು. ಸಿಬ್ಬಂದಿಯಲ್ಲಿ ಯಾರಿಗೆ ಯಾರು ಬೇಕು ಎಂಬ ಪಟ್ಟಿಯನ್ನು ಯಂತ್ರ ತೋರಿಸಿದರೆ ಹಂಗಾಮಿ ಮೇಷ್ಟ್ರು ಸುಮತಿಕುಮಾರನ ನೌಕರಿ ಕಾಯಂ. ಇಲ್ಲದಿದ್ದರೆ ಮನೆಗೆ.

ಪಾಪ, ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮಿಗೆ ಅವನು ಮೆಮೊರಿ ಉಳಿಸಲೆಂದು ಗಡಿಬಿಡಿಯಲ್ಲಿ ವೀಕ್ ರೆಫರೆನ್ಸ್ ಎಂಬ ಉಪಾಯ ಜೋಡಿಸಿದ.

"ಅಂಗಂದ್ರೆ ಏನ್ ಸಾರ್?" ಗುಮಾಸ್ತ ಕೆಂಚಪ್ಪ ಇಣುಕಿದ.

"ಪಟ್ಟಿ ಯಾರನ್ನೂ ಗಟ್ಟಿಯಾಗಿ ಹಿಡ್ಕೊಳ್ಳಲ್ಲ ಕಣ್ರೀ, ಸುಮ್ನೆ ಬೆರಳು ತೋರಿಸುತ್ತೆ. ಬೇರೆ ಯಾರಾದ್ರೂ 'ಇವರು ನಂಗೆ ಬೇಕು' ಅಂತ ಹಿಡ್ಕೊಂಡಿದ್ರೆ ಹೆಸರು ಉಳಿಯುತ್ತೆ. ಇಲ್ದಿದ್ರೆ, ಮೆಮೊರಿ ತುಂಬಿದಾಗ ಗುಡಿಸಿ ಹಾಕುತ್ತೆ."

ಹೆಸರು ಹೋದರೆ ನೌಕರಿಯೂ ಹೋದಂತೆ ಎಂಬ ಸುದ್ದಿ ಎರಡೇ ನಿಮಿಷದಲ್ಲಿ ಸ್ಟಾಫ್ ರೂಮು ಮುಟ್ಟಿತು. ಕೆಂಚಪ್ಪ ಕನ್ನಡ ಮೇಡಂ ವೆಂಕಟಲಕ್ಷ್ಮಮ್ಮನವರನ್ನು ಕರೆತಂದ. "ನಂಗೆ ಇವ್ರು ಬೇಕು ಅಂತ ಬರ್ಕೊಳ್ಳಿ ಸಾರ್."

"ನನಗೂ ಕೆಂಚಪ್ಪನವರು ಬೇಕೇ ಬೇಕು," ಎಂದರು ಮೇಡಂ. ಯುಗಾದಿಯಿಂದ ಇಬ್ಬರಿಗೂ ಮಾತಿರಲಿಲ್ಲ.

ಹೀಗೇ ಜೋಡಿ ಜೋಡಿಯಾಗಿ ಇಡೀ ಕಾಲೇಜು ಬಂದು ಹೋಯಿತು. ಸುಮತಿಕುಮಾರನೂ ಡ್ರಿಲ್ ಮೇಷ್ಟ್ರ ಜೊತೆ ಜೋಡಿ ಕಟ್ಟಿಕೊಂಡ.

ಜಯದೇವಪ್ಪನವರು ಬಂದವರೇ, "ನನ್ನನ್ನೂ ಸೇರಿಸ್ರೀ. ಬೋರಮ್ಮನ ಕಾಫಿ ಇಲ್ದೆ ನನ್ನ ಮೀಟಿಂಗೇ ನಡೆಯಲ್ಲ," ಎಂದರು. ಅಧ್ಯಕ್ಷರನ್ನು ಬೇರೆಯವರು ಹಿಡಿಯಬೇಕೇ? ಸುಮತಿಕುಮಾರ ಅವರ ಹೆಸರನ್ನು ಗೂಟಕ್ಕೆ ಕಟ್ಟಿದಂತೆ ಎಲ್ಲಕ್ಕಿಂತ ಮೇಲೆ ಭದ್ರ ಮಾಡಿ, ಅವರ ಕೈಗೆ ಕಾಲೇಜಿನ ಆಯಾ ಬೋರಮ್ಮನನ್ನು ಜೋಡಿಸಿದ. ಅಷ್ಟಕ್ಕೆ ಮೆಮೊರಿ ತುಂಬಿತು. ಪರದೆ ಕಪ್ಪಾಗಿ ಮತ್ತೆ ಬೆಳಗಿದಾಗ ಎರಡೇ ಹೆಸರು: ಜಯದೇವಪ್ಪ, ಬೋರಮ್ಮ.

"ಉಳಿದೋರೆಲ್ಲಿ?"

"ಸಾರ್... ಇಬ್ಬಿಬ್ಬರೇ ತಬ್ಬಿಕೊಂಡು ನಿಂತ್ರೆ ಸಾಲಲ್ಲ. ನಿಮ್ಮಿಂದ ಹೊರಟ ಹಿಡಿತ ಅವರನ್ನ ಮುಟ್ಟಬೇಕಿತ್ತು," ಸುಮತಿಕುಮಾರ ಬೆವರು ಒರೆಸಿಕೊಂಡ.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭೇಷ್! ಹತ್ತು ವರ್ಷದಿಂದ ನಾನು ಹೇಳೋದೂ ಇದನ್ನೇ. ಮಿಷನ್ನು ಸರಿಯಾಗೈತೆ. ಆದ್ರೆ ಮೇಷ್ಟ್ರೇ, ನಿಮ್ಮ ಹೆಸರೂ ಇಲ್ವಲ್ಲ? ಪಟ್ಟೀಲಿ ಇಲ್ದೋರನ್ನ ಹೆಂಗೆ ಕಾಯಂ ಮಾಡ್ಲಿ?"

ಸುಮತಿಕುಮಾರನಿಗೆ ಅಳುವೇ ಬಂತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಬೋರಮ್ಮನ ಕರುಳು ಚುರ್ ಎಂದಿತು. "ಬರ್ಕೊಳ್ಳಿ ಸಾಮಿ, ಈ ಮೇಷ್ಟ್ರು ನಂಗೆ ಬೇಕು."

ಪರದೆಯ ಮೇಲೆ ಮೂರನೆಯ ಹೆಸರು ಮೂಡಿತು. ಪಟ್ಟಿಯಿಂದ ಗುಡಿಸಿ ಹಾಕಿಸಿಕೊಂಡವರೆಲ್ಲ ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಪೆನ್ನು ತೆಗೆದರು.

"ಯಾತಕ್ಕೆ ಬೇಕು ಅಂತ ಬರೀಲಿ, ಬೋರಮ್ಮ?"

"ಲೋಟ ತೊಳೆಯಾಕೆ."

ಜಯದೇವಪ್ಪನವರು ಹಾಗೇ ಬರೆದು ರುಜು ಹಾಕಿದರು: ಸುಮತಿಕುಮಾರ, ಕಾಯಂ, ಬೋರಮ್ಮನ ಕೈಕೆಳಗೆ.