ವಕೀಲನ ಚರ್ಮ ಸುಲಿದದ್ದು

"ಅಜ್ಜಿ, ಇವತ್ತು ವಕೀಲನ್ನ ನಾನೇ ಸುಲಿದು, ನಾನೇ ಬೇಯಿಸಿ, ನಿನಗೆ ಬಡಿಸ್ತೀನಿ!" ಎಂದು ಎದೆ ತಟ್ಟಿ ಘೋಷಿಸಿದೆ.

ಗಾಬರಿಯಾಗಬೇಡಿ. ನಮ್ಮ ಮಿನ್ನೆಸೋಟದ ಸರೋವರದಲ್ಲಿ ಬರ್ಬಾಟ್ ಮೀನಿಗೆ ವಕೀಲ ಎಂದೇ ಹೆಸರು. ಹಾವಿನಂಥ ಮೈ, ಗಲ್ಲದ ಕೆಳಗೆ ಒಂಟಿ ಮೀಸೆ. ಕೈಗೆ ಬಾಲ ಸುತ್ತಿತೆಂದರೆ ಬಿಡುವ ಮಾತೇ ಇಲ್ಲ! ಮಂಜುಗಡ್ಡೆ ಕೊರೆದು ಗಾಳ ಬಿಡುವ ನಮ್ಮವರು ಇದು ಸಿಕ್ಕರೆ ಮುಖ ಸಿಂಡರಿಸಿ ಅಲ್ಲೇ ಎಸೆದು ಬರುತ್ತಾರೆ.

ನಾನು ಎಸೆಯಲಿಲ್ಲ. ಕಾರಣ, ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತಿರುವ, ಗಾಳ ಹಾಕಿ ಕೂರುವ ಅಜ್ಜನ ಮೀನುಗುಡಿಸಲು. ತರಗತಿಯಲ್ಲಿ ಬಾಯಿ ಬಿಡಲು ಹೆದರಿ ಶಾಲೆಯನ್ನೇ ಬಿಟ್ಟವಳು ನಾನು. ಆ ಗುಡಿಸಲಿನಲ್ಲಿ ಯಾರೊಂದಿಗೂ ಮಾತಾಡಬೇಕಿಲ್ಲ!

"ಸಿಗ್ನೆ, ಹಿಡಿದದ್ದನ್ನ ಸುಲಿಯೋಕೆ ಬಾರದವಳಿಗೆ ಗುಡಿಸಲು ಯಾಕೆ?" ಎಂದಳು ಅಜ್ಜಿ, ಅದರ ಕೀಲಿ ಆಡಿಸುತ್ತಾ. "ಮಧ್ಯಾಹ್ನ ಇದು ತಟ್ಟೇಲಿ ಇದ್ರೆ ಕೀಲಿ ನಿನ್ನದು. ಇಲ್ಲಾಂದ್ರೆ ಪಕ್ಕದ ಮನೆ ರೂಬೆನ್‌ಗೆ." ಹೀಗೆಂದು ಚರ್ಚಿಗೆ ಕೌದಿ ಹೊಲಿಯಲು ಹೋದಳು.

ಸುತ್ತಿಗೆಯಿಂದ ನೆತ್ತಿಗೆ ಎರಡು ಪೆಟ್ಟು ಕೊಟ್ಟೆ. ಪ್ರತಿ ಪೆಟ್ಟಿಗೂ ಕ್ಷಮೆ ಕೇಳಿದೆ. ಸತ್ತಿತೆಂದು ಮುಟ್ಟಿದ್ದೇ ತಡ, ಬಾಲ ಪಟಕ್ಕನೆ ಬಲಗೈಗೆ ಸುತ್ತಿಕೊಂಡಿತು! ಮೊಣಕೈವರೆಗೆ ತಣ್ಣನೆಯ ಲೋಳೆ. ಇಕ್ಕಳವೂ ಕಾಣಿಸದು.

ಅಜ್ಜಿಗೆ ಫೋನ್ ಮಾಡಲೇಬೇಕು. ಆದರೆ ಫೋನೆಂದರೆ ನನಗೆ ಮೀನಿಗಿಂತ ಭಯ. ಅದಕ್ಕೇ ಹೇಳಬೇಕಾದ್ದನ್ನು ಮೊದಲು ಬರೆದುಕೊಳ್ಳುತ್ತೇನೆ. ಎಡಗೈಯಲ್ಲಿ ಬರೆದೆ, ತಪ್ಪು ತಿದ್ದಿದೆ, ಚರ್ಚಿನ ನಂಬರು ಒತ್ತಿದೆ. ಆ ಕಡೆ ಯಾರೋ ಎತ್ತಿದ್ದೇ ತಡ, ಒಂದೇ ಉಸಿರಿಗೆ ಓದಿದೆ:

"ಒಂದು, ವಕೀಲ ಇನ್ನೂ ಸತ್ತಿಲ್ಲ. ಎರಡು, ಸುತ್ತಿಗೇಲಿ ತಲೆಗೆ ಹೊಡೆದಾಯ್ತು, ಕ್ಷಮೇನೂ ಕೇಳಾಯ್ತು. ಮೂರು, ನನ್ನ ಕೈ ಬಿಡ್ತಾ ಇಲ್ಲ. ನಾಲ್ಕು, ಚರ್ಮ ಸುಲಿಯೋ ಇಕ್ಕಳ ಎಲ್ಲಿದೆ? ಐದು, ಉಪ್ಪು ಎಷ್ಟು ಹಾಕ್ಲಿ?"

ಗಂಡುಧ್ವನಿಯೊಂದು ನಡುಗಿತು. "ಮಗೂ... ಸುತ್ತಿಗೆ ಕೆಳಗಿಡಮ್ಮ. ಯಾವ ವಕೀಲರು?"

ಕಳೆದ ವಾರವಷ್ಟೇ ಟೆಕ್ಸಾಸಿನಿಂದ ಬಂದ ಹೊಸ ಪಾದ್ರಿ! ಕಾಗದದಲ್ಲಿ ಆರನೆಯದು ಇರಲಿಲ್ಲ. ಫೋನ್ ಇಟ್ಟುಬಿಟ್ಟೆ.

ಹೆದರಿ ಕೈ ಎಷ್ಟು ಜೋರಾಗಿ ಕೊಡವಿದೆನೆಂದರೆ ವಕೀಲ ಗೋಡೆಗೆ ಬಡಿದು ನಿಜವಾಗಿಯೂ ಸತ್ತ. ಇಕ್ಕಳ ನನ್ನ ಜೇಬಿನಲ್ಲೇ ಇತ್ತು! ಕತ್ತಿನ ಸುತ್ತ ಕೊಯ್ದು ಎಳೆದೆ. ಚರ್ಮ ಕಾಲುಚೀಲದಂತೆ ಕಳಚಿತು. ಬೆನ್ನಿನ ಬಿಳಿ ತುಂಡುಗಳನ್ನು ಕುದಿಯುವ ಉಪ್ಪುನೀರಿಗೆ ಹಾಕಿ, ಬೆಣ್ಣೆ ಕರಗಿಸುವಷ್ಟರಲ್ಲಿ ಬಾಗಿಲು ದಡದಡ!

ಮುಂದೆ ಪಾದ್ರಿ. ಹಿಂದೆ ಅವರು ಎಳೆತಂದ ಪೊಲೀಸ್ ಹಾಲ್ವರ್ ಮಾಮ, ನಗು ತಡೆಯಲು ತುಟಿ ಕಚ್ಚಿಕೊಂಡು. ಅವರ ಹಿಂದೆ ಅಜ್ಜಿ.

"ವಕೀಲರು ಎಲ್ಲಮ್ಮಾ?" ಪಾದ್ರಿಯ ಮುಖ ಸುಣ್ಣವಾಗಿತ್ತು.

"ಪಾ... ಪಾತ್ರೇಲಿ."

ಅವರು ಕುರ್ಚಿಗೆ ಕುಸಿದರು. ಹಾಲ್ವರ್ ಮಾಮ ಒಂದು ತುಂಡನ್ನು ಬೆಣ್ಣೆಯಲ್ಲಿ ಅದ್ದಿ ಅವರ ಬಾಯಿಗಿಟ್ಟು, "ಮೀನು ಸ್ವಾಮಿ, ಮೀನು!" ಎಂದ. ಪಾದ್ರಿ ಅಗಿದರು. ಕಣ್ಣರಳಿತು. ಸಂಕೋಚದಿಂದ ಕೇಳಿದರು: "ಇನ್ನೂ ಸ್ವಲ್ಪ ವಕೀಲರು ಇದ್ದಾರಾ?"

ಪಾತ್ರೆ ಬರಿದಾಯಿತು. ಅಜ್ಜಿ ಕೀಲಿಯನ್ನು ನನ್ನ ಅಂಗೈಗಿಟ್ಟಳು. ಗೆದ್ದೆ! ಇನ್ನು ನಾನುಂಟು, ಮೌನವುಂಟು!

"ಗುಡಿಸಲು ನಿನ್ನದು ಕಣೇ," ಎಂದಳು ಅಜ್ಜಿ. "ನಾಳೆಯಿಂದ ಪಾದ್ರಿಗಳೂ ದಿನಾ ಅಲ್ಲಿಗೆ ಗಾಳ ಹಾಕೋಕೆ ಬರ್ತಾರಂತೆ. ಒಳ್ಳೇ ಮಾತುಗಾರರು! ಏನೇನು ಮಾತಾಡಬೇಕೋ ಈಗಲೇ ಬರ್ಕೊಂಡುಬಿಡು."