ಟೈರು ಸಿಗುವ ತನಕ ವಾಯಿದೆ

ಕೆಲಸ ಮಾಡದೆ ಇರುವುದಕ್ಕೂ ಒಂದು ಕಸುಬು ಬೇಕು. ಸುಮ್ಮನೆ ಕೂತವನನ್ನು ಜನ ಸೋಮಾರಿ ಎನ್ನುತ್ತಾರೆ. ಅದೇ ಮನುಷ್ಯ ಕೆಲಸದ ತಯಾರಿ ನಡೆದಿದೆ ಎಂದು ಊರೂರು ತಿರುಗಿದರೆ ಪಾಪ, ಎಷ್ಟು ಒದ್ದಾಡುತ್ತಾನೆ ಎಂದು ಕನಿಕರಪಡುತ್ತಾರೆ. ಈ ಕಸುಬಿನಲ್ಲಿ ಇಡೀ ಆಳಂದ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೇಳಿಕೇಳಿ ನಾನು ವಕೀಲ. ವಾದ ಮಾಡಿ ಗೆದ್ದ ಕೇಸುಗಳಿಂದ ನನಗೆ ಹೆಸರು ಬಂದಿಲ್ಲ, ವಾಯಿದೆ ಕೇಳಿ ಮುಂದಿನ ತಾರೀಖಿಗೆ ದೂಡಿದ ಕೇಸುಗಳಿಂದ ಬಂದಿದೆ. ಕಕ್ಷಿದಾರನಿಗೆ ಜ್ವರ, ಸಾಕ್ಷಿಯ ಮನೆಯಲ್ಲಿ ಮದುವೆ, ನನಗೆ ಸೊಂಟನೋವು, ಏನೂ ಹೊಳೆಯದ ದಿನ ಮೂವರಿಗೂ ಜ್ವರ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ತಾರೀಖು ಕೊಟ್ಟುಬಿಡುತ್ತಾರೆ. ಕೋರ್ಟಿನಲ್ಲಿ ಇಷ್ಟು ಚೆನ್ನಾಗಿ ನಡೆಯುವ ವಿದ್ಯೆ ಮನೆಯಲ್ಲೂ ನಡೆದೀತು ಎಂದು ನಂಬಿದ್ದೇ ನನ್ನ ತಪ್ಪು.

ನನ್ನ ಹತ್ತಿರ ಒಂದು ಹಳೆಯ ಅಂಬಾಸಿಡರ್ ಕಾರಿತ್ತು. ಹಾಲಿನ ಕೆನೆಯ ಬಣ್ಣದ್ದು. ಅದು ಬಂದದ್ದು ಸರಸಂಬಾದ ಒಬ್ಬ ಹಿರಿಯ ಕಕ್ಷಿದಾರರಿಂದ. ಅವರ ಹೊಲದ ಕೇಸನ್ನು ನಾನು ವರ್ಷಗಟ್ಟಲೆ ನಡೆಸಿ, ಕೊನೆಗೆ ಸೋತೆ. ತೀರ್ಪು ಬಂದ ದಿನ ಅವರು ಕಾರಿನ ಚಾವಿಯನ್ನು ನನ್ನ ಕೈಯಲ್ಲಿಟ್ಟು, "ವಕೀಲ್ರ, ಹೊಲಾ ಅಂತೂ ಹೋತು. ಇದನ್ನೂ ನೀವ ಒಯ್ರಿ" ಎಂದರು. ಪ್ರೀತಿಯಿಂದ ಕೊಟ್ಟರೋ ಸೇಡಿಗೆ ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಕಾರಿನ ನಡವಳಿಕೆ ನೋಡಿದರೆ ಸೇಡು ಎನ್ನಿಸುತ್ತಿತ್ತು. ಆದರೂ ನಾನು ಅದಕ್ಕೆ ಮನಸೋತೆ. ನನ್ನ ಅವ್ವನೂ ಸೋತಳು. ಈಗಿನ ಕಾರುಗಳಲ್ಲಿ ಆಕೆಯನ್ನು ಸೀರೆ ಮಡಚಿದಂತೆ ಮಡಚಿ ಒಳಗಿಡಬೇಕು. ಇದರ ಹಿಂದಿನ ಸೀಟಿನಲ್ಲಿ ಆಕೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಅಡಿಕೆ ಚೀಲ ಬಿಚ್ಚಿಟ್ಟುಕೊಂಡು, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿ ಬರುತ್ತಿದ್ದಳು. ಹೋಗಿ ಬರುತ್ತಿದ್ದಳು ಎಂದೆ. ಹೋಗುವಾಗ ಕಾರಿನಲ್ಲಿ, ಬರುವಾಗ ಎಷ್ಟೋ ಸಲ ಬಸ್ಸಿನಲ್ಲಿ.

ನನ್ನ ಹೆಂಡತಿ ಶಾರದಾಳಿಗೆ ಕಾರಿನ ಮೇಲೆ ದ್ವೇಷವೇನಿಲ್ಲ. ಆಕೆಗೆ ಬೇಕಾದದ್ದು ಕಾರು ನಿಂತ ಶೆಡ್ಡು. ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಕೆ ಖಡಕ್ ರೊಟ್ಟಿ ಮಾಡಿಸುತ್ತಾಳೆ. ಮೊದಮೊದಲು ಅಡುಗೆಮನೆಯಲ್ಲಿ ನಡೆಯುತ್ತಿದ್ದ ಉದ್ಯೋಗ ಹಿತ್ತಿಲಿಗೆ ಹೋಯಿತು, ಹಿತ್ತಿಲಿನಿಂದ ಪಡಸಾಲೆಗೆ ಬಂತು, ಪಡಸಾಲೆಯಿಂದ ನನ್ನ ಆಫೀಸಿನ ಕೋಣೆಗೂ ನುಗ್ಗಿತು. ಕಾನೂನು ಪುಸ್ತಕಗಳ ಮೇಲೆ ರೊಟ್ಟಿ ಒಣಗತೊಡಗಿದವು. ಒಬ್ಬ ಕಕ್ಷಿದಾರ ಕತ್ತಲಲ್ಲಿ ಕಾಣದೆ ರೊಟ್ಟಿಯ ಗೂಡೆಯ ಮೇಲೆ ಕೂತು, ಎದ್ದು, ಕೈಮುಗಿದು ಹೋದವನು ತನ್ನ ಕೇಸನ್ನು ಬೇರೆ ವಕೀಲರಿಗೆ ಕೊಟ್ಟ. ಅಷ್ಟರಲ್ಲಿ ಯಡ್ರಾಮಿಯಿಂದ ಒಂದು ದೊಡ್ಡ ಮದುವೆಯ ಆರ್ಡರು ಬರುವ ಸೂಚನೆ ಸಿಕ್ಕಿತು. ಆ ಮನೆಯವರು ಬಂದು ಜಾಗ ನೋಡಿ, ಇಷ್ಟು ಇಕ್ಕಟ್ಟಿನಲ್ಲಿ ಅಷ್ಟು ರೊಟ್ಟಿ ಆದೀತೇ ಎಂದು ಅನುಮಾನಪಟ್ಟು, ಶೆಡ್ಡು ಖಾಲಿಯಾದರೆ ಹೇಳಿ ಕಳಿಸಿ ಎಂದು ಹೋದರು. ಶಾರದಾ ನನ್ನೆದುರು ಬಂದು ನಿಂತು, "ರೀ, ಆ ಗಾಡಿ ಮಾರ್ರಿ. ಈ ಆರ್ಡರ್ ಕೈತಪ್ಪಿದ್ರ ನಮ್ಮ ಹೆಣ್ಮಕ್ಕಳಿಗೆ ನಾ ಏನಂತ ಮಾರಿ ತೋರಿಸ್ಲಿ?" ಎಂದಳು. "ಆತು, ಮಾರೋಣಂತ" ಎಂದೆ. ತಕ್ಷಣ ಒಪ್ಪಿಕೊಳ್ಳುವುದು ವಾಯಿದೆ ವಿದ್ಯೆಯ ಮೊದಲ ಪಾಠ.

ಗಿರಾಕಿ ಸಿಗುವುದಿಲ್ಲ ಎಂಬ ಧೈರ್ಯ ನನಗಿತ್ತು. ಸಿಕ್ಕೇಬಿಟ್ಟರು. ಅಫಜಲಪುರದ ಕಡೆಯ ಗುರುಶಾಂತಗೌಡರು, ಕಬ್ಬು ಬೆಳೆಯುವ ದೊಡ್ಡ ಕುಳ, ಇಂಥ ಗಾಡಿಗಾಗಿಯೇ ಹುಡುಕುತ್ತಿದ್ದರಂತೆ. ಹೊಲಕ್ಕೆ ಹೋಗಲು ಇದರಂಥ ಗಾಡಿ ಇಲ್ಲ ಎಂದು ಫೋನಿನಲ್ಲಿ ಹೊಗಳಿದರು. ನಾನು ಗಾಬರಿಯಾಗಿ ಶೆಡ್ಡಿಗೆ ಓಡಿದೆ. ಏನಾದರೂ ಒಂದು ನೆಪ ಬೇಕಲ್ಲ! ಕಾರಿನ ಸುತ್ತ ತಿರುಗಿದೆ. ಟೈರುಗಳು ಕಂಡವು. ನನ್ನ ತಲೆಯಷ್ಟೇ ಬೋಳಾಗಿದ್ದವು. "ಇಂಥಾ ಟೈರ್ ಮ್ಯಾಲ ನಿಲ್ಲಿಸಿ ಗಾಡಿ ಕೊಟ್ರ ಮಂದಿ ಏನಂದಾರು? ನಮಗೂ ಒಂದ್ ಮರ್ಯಾದಿ ಅದ. ಮೊದಲ ಟೈರ್, ಆಮ್ಯಾಲ ಮಾರಾಟ" ಎಂದು ಘೋಷಿಸಿದೆ. ಶಾರದಾ ನನ್ನನ್ನು ಥೇಟ್ ನಮ್ಮ ನ್ಯಾಯಾಧೀಶರು ನೋಡುವಂತೆಯೇ ನೋಡಿದಳು.

ಆಳಂದದ ಅಂಗಡಿಯವರು ಈ ಅಳತೆಯ ಟೈರು ಈಗ ಬರುವುದಿಲ್ಲ ಎಂದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಬರದಿದ್ದರೆ ಹುಡುಕಬೇಕು, ಹುಡುಕಲು ದಿನ ಬೇಕು. ಅಂದಿನಿಂದ ನಾನು ಟೈರಿನ ಪಂಡಿತನಾದೆ. ಟೈರಿನ ಹೊಟ್ಟೆಯ ಮೇಲಿನ ಅಂಕಿಗಳನ್ನು ಓದಿ ಅದು ಯಾವ ವರ್ಷ ಹುಟ್ಟಿತು, ಎಷ್ಟು ಭಾರ ಹೊರುತ್ತದೆ ಎಂದು ಹೇಳಬಲ್ಲವನಾದೆ. ರೇಡಿಯಲ್ ಒಳ್ಳೆಯದೋ ಹಳೆಯ ನಮೂನೆಯದೋ, ಅಗಲ ಹೆಚ್ಚಾದರೆ ಸ್ಟೇರಿಂಗ್ ಭಾರವಾದೀತೇ ಎಂದು ಕೋರ್ಟಿನ ಎದುರಿನ ಚಹದಂಗಡಿಯಲ್ಲಿ ಭಾಷಣ ಬಿಗಿದೆ. ನನ್ನನ್ನು ಕಂಡರೆ ಕಿರಿಯ ವಕೀಲರು ಚಹ ಅರ್ಧಕ್ಕೆ ಬಿಟ್ಟು ಏಳತೊಡಗಿದರು. ಆ ಹೊಲದ ಕೇಸಿನಲ್ಲಿ ಇಷ್ಟು ಅಭ್ಯಾಸ ಮಾಡಿದ್ದರೆ ಸರಸಂಬಾದವರ ಹೊಲ ಉಳಿಯುತ್ತಿತ್ತೋ ಏನೋ.

ಹುಡುಕುತ್ತ ಅಫಜಲಪುರದ ಕಡೆ ಹೋದೆ. ಹವಳಗಾದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು. ಟೈರು ಹಾಕಿದ ಎತ್ತಿನ ಗಾಡಿಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ ನನ್ನನ್ನು ಒಬ್ಬ ಗಾಡಿಯವ ಆರ್‌ಟಿಒ ಎಂದು ತಿಳಿದು ಎದ್ದು ನಿಂತ. ವಿಷಯ ಹೇಳಿದ ಮೇಲೆ ನಕ್ಕು, "ಸಾಹೇಬ್ರ, ಇದ ಟೈರ್ ಹಾಕ್ರಿ. ಎಷ್ಟ ಕಬ್ಬ ಹೇರಿದ್ರೂ ಜಗ್ಗಂಗಿಲ್ಲ" ಎಂದ. "ಎಷ್ಟ ಸ್ಪೀಡಿಗೆ ತಡೀತಾವು?" ಎಂದು ಪಂಡಿತನಂತೆ ಕೇಳಿದೆ. "ಎತ್ತ ಎಷ್ಟ ಓಡ್ತಾವೋ ಅಷ್ಟಕ್ಕ ತಡೀತಾವ್ರಿ" ಎಂದ. ನನ್ನ ಕಾರು ಅದಕ್ಕಿಂತ ಬಹಳ ಜೋರಾಗಿಯೇನೂ ಓಡುತ್ತಿರಲಿಲ್ಲ. ಆದರೂ ನಾನು ಸಿಟ್ಟಾಗಿ, ಎತ್ತಿನ ಗಾಡಿಯ ಟೈರನ್ನು ಕಾರಿಗೆ ಹಾಕುವ ಕಾಲ ನನಗಿನ್ನೂ ಬಂದಿಲ್ಲ ಎಂದು ಹೇಳಿ ಬಂದೆ. ಮನೆಯಲ್ಲಿ "ಹವಳಗಾದಾಗೂ ಸಿಗಲಿಲ್ಲ" ಎಂದು ವರದಿ ಒಪ್ಪಿಸಿದೆ.

ಆಮೇಲೆ ಜೇವರ್ಗಿ. ಅಲ್ಲಿನ ಟೈರಿನ ಅಂಗಡಿಯ ಮೆಹಬೂಬ್ ಸಾಬರು ಹಳೆಯ ಮಾಲಿನಲ್ಲಿ ಹುಡುಕಿ ಎರಡು ಟೈರು ಹೊರಗೆ ಉರುಳಿಸಿದರು. ನಾನು ಬೆರಳಾಡಿಸಿ, ರಬ್ಬರು ಬಿರಿದಿದೆ ಎಂದು ತಳ್ಳಿಹಾಕಿದೆ. ಇನ್ನೊಂದು ಜೋಡಿ ತಂದರು, ಮೇಲಿನ ಗೀರುಗಳ ನಮೂನೆ ಸರಿಯಿಲ್ಲ ಎಂದೆ. "ಬಿಳೀ ಪಟ್ಟಿ ಹೊಡದ್ ಕೊಡ್ತೇನ್ರಿ, ನವಾಬರ ಗಾಡಿ ಕಂಡಂಗ ಕಾಣ್ತದ" ಎಂದರು. ಯೋಚಿಸಿ ಹೇಳುತ್ತೇನೆ ಎಂದು ಬಂದು, ಮುಂದಿನ ವಾರ ಮತ್ತೆ ಹೋಗಿ ಪಟ್ಟಿ ಬೇಡ ಎಂದೆ. ಮತ್ತೊಂದು ಸಲ ಹೋದಾಗ ಅವರು ನನಗೆ ಸ್ಟೂಲು ಹಾಕಿ, ಚಹ ತರಿಸಿ, ಮೆಲ್ಲಗೆ ಕೇಳಿದರು: "ವಕೀಲ್ ಸಾಹೇಬ್ರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮಗ ಟೈರ್ ಬೇಕಾಗ್ಯಾವೋ, ಬರೇ ನೋಡೂದು ಬೇಕಾಗ್ಯಾದೋ?" ಪಾಟೀಸವಾಲಿಗೆ ನಾನು ಎಂದೂ ಹೆದರಿದವನಲ್ಲ. ಆದರೆ ಈ ಪ್ರಶ್ನೆಗೆ ಚಹ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಆ ಸಂಜೆ ಶಾರದಾ ರೊಟ್ಟಿ ಜೋಡಿಸುತ್ತಲೇ, ತಲೆ ಎತ್ತದೆ ಹೇಳಿದಳು: "ಯಡ್ರಾಮ್ಯವ್ರು ಫೋನ್ ಮಾಡಿದ್ರು. ಈ ವಾರ ಹೇಳದಿದ್ರ ಬ್ಯಾರೇದವ್ರಿಗೆ ಕೊಡ್ತಾರಂತ. ನೀವು ಟೈರ್ ಹುಡುಕಾಕತ್ತಿಲ್ರಿ, ದಿನಾ ದೂಡಾಕತ್ತೀರಿ. ನನಗ ತಿಳಿಯಂಗಿಲ್ಲಂತ ತಿಳ್ಕೊಂಡೀರೇನು? ಗೌಡ್ರಿಗೆ ಐತವಾರ ಬರ್ರಿ ಅಂತ ಹೇಳೇನಿ. ಇದ ಕಡೀ ವಾಯಿದೆ." ಆಕೆ ಸಿಟ್ಟು ಮಾಡಿದ್ದರೆ ಜಗಳ ತೆಗೆದು ಇನ್ನೊಂದು ವಾರ ಗಳಿಸುತ್ತಿದ್ದೆ. ಆದರೆ ಆಕೆಯ ದನಿ ಸೋತಿತ್ತು. ನನಗೆ ನಾಚಿಕೆಯಾಯಿತು. ಜೇವರ್ಗಿಗೆ ಫೋನು ಮಾಡಿ, ಎಲ್ಲಿಂದಾದರೂ ಸರಿ, ಒಳ್ಳೆಯ ರೇಡಿಯಲ್ ಟೈರು ನಾಲ್ಕು ತರಿಸಿ ಎಂದೆ. ಮೆಹಬೂಬ್ ಸಾಬರು ನಂಬಲಾರದೆ ಎರಡೆರಡು ಸಲ ಕೇಳಿದರು. ಶನಿವಾರ ಟೈರು ಬಂದವು, ಹಾಕಿಸಿದ್ದೂ ಆಯಿತು. ಕಾರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿತು. ಅವ್ವ ಬಾಗಿಲಿಗೆ ಬಂದು, "ಈಗ ನೋಡ್ ತಮ್ಮಾ, ಹ್ಯಾಂಗ ಕಾಣಾಕತ್ತದ" ಎಂದಳು. ಇಷ್ಟು ಚೆಂದವಾಗಿ ಅದು ನನ್ನ ಮನೆಯಲ್ಲಿ ಎಂದೂ ನಿಂತಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ಅದನ್ನು ಮಾರಲು ಒಂದಿಷ್ಟೂ ಮನಸ್ಸಿರಲಿಲ್ಲ. ಕೊನೆಗೆ ಒಂದೇ ಸಮಾಧಾನ ಹುಡುಕಿಕೊಂಡೆ: ಹೋದರೂ ನಾನು ಆರಿಸಿದ ಟೈರಿನ ಮೇಲೆ ಹೋಗುತ್ತದೆ, ಆ ಟೈರು ಸವೆಯುವ ತನಕ ಗೌಡರು ನನ್ನನ್ನು ನೆನೆಯುತ್ತಾರೆ.

ಮರುದಿನ ಐತವಾರ ಗೌಡರು ತಮ್ಮ ಸರಕಿನ ಗಾಡಿಯಲ್ಲಿ ಬಂದರು. ಮಂಡಕ್ಕಿಯ ಸುಸಲಾ ತಿಂದು, ಚಹ ಕುಡಿದು, ಕಾರಿನ ಸುತ್ತ ಬಂದರು. ಎತ್ತು ನೋಡುವವರ ಹಾಗೆ ಬೆನ್ನು ತಟ್ಟಿದರು, ಬಾನೆಟ್ಟು ಎತ್ತಿ ಹಲ್ಲು ನೋಡುವಂತೆ ಇಣುಕಿದರು, ಅಪ್ಪಣೆ ಕೊಟ್ಟರು: "ಛಲೋ ಅದ್ರಿ, ಒಯ್ತೇನಿ." ಟೈರಿನ ಬಗ್ಗೆ ಒಂದು ಮಾತಾದರೂ ಆಡಲಿ ಎಂದು ನಾನು ಮುಂದಿನ ಚಕ್ರದ ಹತ್ತಿರ ನಿಂತು ಕೆಮ್ಮಿದೆ. ಅವರು ಅತ್ತ ನೋಡಿ, ತಮ್ಮ ಜೊತೆ ಬಂದಿದ್ದ ಪಂಕ್ಚರ್ ಅಂಗಡಿಯವನಿಗೆ, "ಬಿಚ್ಚೋ ಇವನ್ನ" ಎಂದರು. ಸರಕಿನ ಗಾಡಿಯಿಂದ ನಾಲ್ಕು ಬೇರೆ ಟೈರುಗಳು ಇಳಿದವು. ಅವರ ಮನೆಯಲ್ಲಿ ಕಬ್ಬು ಹೇರುವ ಎತ್ತಿನ ಗಾಡಿಗಳವು.

"ಗೌಡ್ರ! ಹೊಸಾ ಟೈರ್ ಅದಾವ್ರಿ ಅವು!" ಎಂದು ಕೂಗಿದೆ.

"ಹೊಸಾವ ಇರ್ಲಿ, ಹಳೇವ ಇರ್ಲಿ. ಎತ್ತ ತಗೊಂಡಾಗ ಮಾರಿದವ್ರ ಹಗ್ಗ ಒಯ್ತೇವೇನ್ರಿ? ನಮ್ಮ ಹಗ್ಗ ನಾವ ತರ್ತೇವಿ. ಟ್ರ್ಯಾಕ್ಟರ್ ತಗೊಂಡಾಗೂ ಹಿಂಗ ಮಾಡೇನಿ. ನಿಮ್ಮ ಮನೀ ನೆಲಾ ಮುಟ್ಟಿದ್ದು ನಿಮ್ಮ ಮನ್ಯಾಗ ಇರ್ಬೇಕು."

"ಇದು ಎತ್ತಲ್ರಿ, ಕಾರು!"

"ಹೌದ್ರಿ. ಮನೀ ಬಿಟ್ಟು ಹೋಗೂದಂತೂ ಖರೇ ಅಲ್ಲ?"

ಟೈರು ಪುಕ್ಕಟೆ ಕೊಡುತ್ತೇನೆ ಎಂದೆ. ಪುಕ್ಕಟೆಯಂತೂ ಮೊದಲೇ ಒಲ್ಲೆ ಎಂದರು. "ಮೊದಲ ಒಂದ್ ಮಾತ್ ಹೇಳಬಾರದಾಗಿತ್ತೇನ್ರಿ?" ಎಂದು ಗೋಗರೆದೆ. "ಇದರಾಗ ಹೇಳೂದೇನದ್ರಿ? ಯಾರಿಗೆ ಗೊತ್ತಿಲ್ಲಿದು?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ನಾನು ಅವ್ವನ ಕಡೆ ತಿರುಗಿದೆ. "ಗೌಡ ಹೇಳೂದು ಬರೋಬ್ಬರಿ ಅದ. ಹಗ್ಗ ಕೊಟ್ರ ಲಕ್ಷ್ಮಿ ಹಿಂದ ಹೋಗ್ತಾಳ. ನಿಮ್ಮಪ್ಪ ಒಂದ್ ಸಲಾನೂ ಕೊಟ್ಟಿಲ್ಲ" ಎಂದಳು ಆಕೆ. ಎತ್ತು ಸಾಕಿದ ಮನೆಯಲ್ಲಿ ಹುಟ್ಟಿ, ಅಪ್ಪ ಎತ್ತು ಮಾರಿ ಬರೀ ಹಗ್ಗ ಹಿಡಿದು ಸಂತೆಯಿಂದ ಬರುವುದನ್ನು ಕಣ್ಣಾರೆ ಕಂಡವನು ನಾನು. ಟೈರು ಹುಟ್ಟಿದ ವರ್ಷ ಹೇಳಬಲ್ಲ ಪಂಡಿತನಿಗೆ ಇದೊಂದು ಹೊಳೆಯಲಿಲ್ಲ. ಶಾರದಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಒಳಗಿನಿಂದ ಹೆಣ್ಣುಮಕ್ಕಳೆಲ್ಲ ನಕ್ಕದ್ದು ಓಣಿಗೇ ಕೇಳಿಸಿತು.

ಕಾರು ಎತ್ತಿನ ಗಾಡಿಯ ಟೈರಿನ ಮೇಲೆ ಆರಾಮವಾಗಿ ಹೊರಟುಹೋಯಿತು. ನನ್ನ ಕಣ್ಣು ತುಂಬಿದ್ದು ನಿಜ, ಧೂಳಿನಿಂದ ಎಂದು ಅವ್ವನಿಗೆ ಹೇಳಿದ್ದು ಸುಳ್ಳು. ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಲ್ಲಿ ಒಲೆ ಹೊತ್ತಿ, ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಯಡ್ರಾಮಿಯ ಆರ್ಡರು ಗಟ್ಟಿಯಾಯಿತು. ರೊಟ್ಟಿ ಖಾಲಿ ಮಾಡಿದ ನನ್ನ ಆಫೀಸಿನ ಕೋಣೆಗೆ ನಾಲ್ಕು ಟೈರು ಬಂದು ಕೂತವು. ಕಕ್ಷಿದಾರರು ಅವುಗಳ ಮೇಲೆ ಕೂರಲು ಹೆದರುವುದಿಲ್ಲ.

ಮೊನ್ನೆ ಜೇವರ್ಗಿಯಿಂದ ಮೆಹಬೂಬ್ ಸಾಬರ ಫೋನು ಬಂತು. ಅದೇ ಅಳತೆಯ ಟೈರು ಹುಡುಕುತ್ತಿರುವ ಗಿರಾಕಿ ಸಿಕ್ಕಿದ್ದಾರೆ, ನಾಳೆಯೇ ಬಂದು ಒಯ್ಯುತ್ತಾರೆ ಎಂದರು. ನಾನು ಟೈರಿನ ಮೇಲೊಮ್ಮೆ ಕೈಯಾಡಿಸಿದೆ. ಹೊಸ ರಬ್ಬರಿನ ವಾಸನೆ ಇನ್ನೂ ಹೋಗಿರಲಿಲ್ಲ. "ಕೊಡೋಣ್ರಿ, ಕೊಡೋಣಂತ. ಆದ್ರ ಬರೇ ಟೈರ್ ಹ್ಯಾಂಗ ಕೊಡೂದ್ರಿ ಸಾಬ್ರ? ನಮಗೂ ಒಂದ್ ಮರ್ಯಾದಿ ಅದ. ಇವಕ್ಕ ತಕ್ಕ ಟ್ಯೂಬ್ ಮೊದಲ ಹುಡುಕ್ತೇನಿ" ಎಂದೆ. ಸಾಬರು ನಕ್ಕು ಫೋನಿಟ್ಟರು. ಟ್ಯೂಬು ನೋಡಲು ಈ ವಾರ ಅಫಜಲಪುರಕ್ಕೆ ಹೊರಟಿದ್ದೇನೆ, ಬಸ್ಸಿನಲ್ಲಿ.